ದೇವೀರಿಯ ಹಾಲುಹಲ್ಲು

ನಮ್ಮೂರಿನಲ್ಲಿ ಮಗುವನ್ನು ಮಾತಾಡಿಸುವ ಮೊದಲು ಅದರ ಬಾಯಿ ನೋಡುತ್ತಾರೆ. ಗಲ್ಲ ಹಿಡಿದು, ತುಟಿ ಎತ್ತಿ, ಹೆಬ್ಬೆರಳಿನಲ್ಲಿ ಮುಂದಿನ ಹಲ್ಲುಗಳನ್ನು ಒಂದೊಂದಾಗಿ ಒತ್ತಿ, ಅಲ್ಲಾಡದಿದ್ದರೆ ‘ಗಟ್ಟಿಯಾಗಿದೆ’ ಅಂತ ಸಮಾಧಾನಪಟ್ಟು, ಆಮೇಲೆ ಹೆಸರು ಕೇಳುತ್ತಾರೆ. ಹೊರಗಿನಿಂದ ಬಂದವರು ಇದನ್ನು ಅಕ್ಕರೆ ಅಂದುಕೊಳ್ಳುತ್ತಾರೆ. ಅಕ್ಕರೆಯಂತೆ ಅಕ್ಕರೆ. ಸಂತೆಯಲ್ಲಿ ಎತ್ತಿನ ಬಾಯಿ ತೆಗೆಸಿ ಹಲ್ಲು ನೋಡುವವನಿಗೂ ಎತ್ತಿನ ಮೇಲೆ ಅಷ್ಟು ಅಕ್ಕರೆ ಇದ್ದೇ ಇರುತ್ತದೆ.

ಇದಕ್ಕೆಲ್ಲ ಕಾರಣ ನಮ್ಮ ಕಾಡಿನ ಬೂದಿಬಣ್ಣದ ಅಳಿಲು, ಬೂದಳಿಲು. ಅದು ಹಾಲುಹಲ್ಲಿನವರ ಕಣ್ಣಿಗಷ್ಟೇ ಬೀಳುತ್ತದೆ. ಮೊದಲ ಹಲ್ಲು ಉದುರಿದ ಗಳಿಗೆಯಿಂದ ಅದು ಆ ಮಗುವಿಗೂ ಕಾಣುವುದಿಲ್ಲ. ದೊಡ್ಡವರಾದ ನಮಗೆ ಅದರ ಭಾರ ಗೊತ್ತಾಗುತ್ತದೆ, ಮಾಡಿನ ಮೇಲೆ ಓಡಿದರೆ ಸದ್ದು ಕೇಳುತ್ತದೆ, ಕಚ್ಚಿದರೆ ರಕ್ತ ಬರುತ್ತದೆ, ಅಷ್ಟೇ. ಕಾಡಿನಲ್ಲಿ ಬೇಕಾದಷ್ಟು ತೊಗಟೆ ಇದ್ದರೂ ಗೂಡು ಕಟ್ಟುವ ಕಾಲ ಬಂತೆಂದರೆ ಅದಕ್ಕೆ ನಮ್ಮ ಹಗ್ಗವೇ ಆಗಬೇಕು. ನಮ್ಮದು ಕತ್ತಾಳೆ ನಾರಿನ ಹಗ್ಗ ಹೊಸೆಯುವ ಊರು. ನಡುವೆ ಆಳವಾದ ಕಮರಿ, ಅರ್ಧ ಊರು ಈಚೆ, ಅರ್ಧ ಊರು ಆಚೆ. ಕಮರಿಗೆ ಅಡ್ಡಲಾಗಿ ಬಿಗಿದ ದೊಡ್ಡಹಗ್ಗಕ್ಕೆ ಬೆತ್ತದ ಬುಟ್ಟಿ ಜೋತುಹಾಕಿ, ಅದರಲ್ಲಿ ಕೂತೇ ಎಲ್ಲರ ಓಡಾಟ. ಮದುಮಗಳು ಹೋಗುವುದೂ ಅದರಲ್ಲೇ, ರಾಗಿ ಮೂಟೆ ಹೋಗುವುದೂ ಅದರಲ್ಲೇ. ಹೋದ ವರ್ಷ ಆ ಹಗ್ಗದ ಒಳಗಿನ ಎಳೆಗಳನ್ನು ಬೂದಳಿಲು ಕಡಿದದ್ದು ಯಾರಿಗೂ ತಿಳಿಯದೆ, ಹಗ್ಗ ಹೊಸೆಯುವ ಚಿಕ್ಕಮಾದು ನಡುದಾರಿಯಲ್ಲಿ ಬುಟ್ಟಿಸಮೇತ ಕೆಳಗೆ ಹೋದ. ಅವನ ಹೆಂಡತಿ ಶಿವನಂಜಿ, ಒಬ್ಬಳೇ ಮಗಳು ದೇವೀರಿ. ನಾನು ಹೇಳಹೊರಟಿರುವುದು ಆ ದೇವೀರಿಯ ಸಂಗತಿ.

ನಾಲ್ಕು ವರ್ಷ ತುಂಬಿದ ಮಕ್ಕಳನ್ನು ಕಾಡಿಗೆ ಕರೆದುಕೊಂಡು ಹೋಗಿ ಬೋನು ಹೂಡುವುದನ್ನು ಕಲಿಸುವುದು ನನ್ನ ಕೆಲಸ. ನನ್ನ ಹೆಸರು ಹೊನ್ನಾಜಮ್ಮ, ಮಕ್ಕಳ ಬಾಯಲ್ಲಿ ಬೋನಕ್ಕ. ದೊಡ್ಡವರು ಹೂಡಿದ ಬೋನಿಗೆ ಇದುವರೆಗೆ ಒಂದು ಬೂದಳಿಲೂ ಬಿದ್ದಿಲ್ಲ. ಯಾವ ಕೊಂಬೆಯಲ್ಲಿ ಇಳಿಯುತ್ತದೆ, ಯಾವ ಪೊಟರೆಗೆ ನುಗ್ಗುತ್ತದೆ ಅಂತ ನೋಡದೆ ಬೋನು ಇಟ್ಟರೆ ಎಲ್ಲಿಂದ ಬೀಳಬೇಕು? ಅಂಗೈಗೆ ಲಂಟಾನದ ಎಲೆ ಉಜ್ಜಿಕೊಳ್ಳಿ, ಮನುಷ್ಯರ ವಾಸನೆ ಹೋಗಲಿ ಅನ್ನುತ್ತೇನೆ. ಕಡಲೆಬೀಜಕ್ಕೆ ಬೆಲ್ಲ ಸವರಿ ಒಳಗಿಡಿ, ಬಾಗಿಲಿನ ಕಡ್ಡಿಯನ್ನು ಉಸಿರು ತಾಗಿದರೂ ಜಾರುವ ಹಾಗೆ ನಿಲ್ಲಿಸಿ ಅನ್ನುತ್ತೇನೆ. ಆಮೇಲೆ ಮಕ್ಕಳೇ ನನಗೆ ಹೇಳಬೇಕು, ತಲೆ ಯಾವ ಕಡೆ, ಬಾಲ ಎತ್ತಿದೆಯೋ ಇಳಿಸಿದೆಯೋ ಅಂತ. ಒಂದು ಸಲ ನಾನು ಹೀಗೆ ಗಂಭೀರವಾಗಿ ಪಾಠ ಹೇಳುತ್ತಿರುವಾಗ ಮಕ್ಕಳೆಲ್ಲ ಕಿಸಿಕಿಸಿ ನಗುತ್ತಿದ್ದವು. ಯಾಕೆಂದು ಗದರಿದರೆ, ಒಂದು ಬೂದಳಿಲು ನನ್ನ ಬೆನ್ನ ಹಿಂದಿನ ಕಲ್ಲಿನ ಮೇಲೆ ಕೂತು ನನ್ನ ಹಾಗೇ ಕೈ ಆಡಿಸುತ್ತಿತ್ತಂತೆ. ನಾನೂ ನಕ್ಕೆ. ಕಾಡಿನಲ್ಲಿ ನಗುವುದಕ್ಕೆ ಬೇಕಾದಷ್ಟು ಇರುತ್ತಿತ್ತು, ಅಳು ಶುರುವಾಗುತ್ತಿದ್ದದ್ದು ಊರಿಗೆ ಬಂದ ಮೇಲೆ.

ಹಲ್ಲು ಬೇಗ ಬೀಳಬಾರದಲ್ಲ, ಅದಕ್ಕೆ ನಮ್ಮ ಮನೆಗಳಲ್ಲಿ ಮಕ್ಕಳಿಗೆ ಕಬ್ಬು ಕೊಡುವುದಿಲ್ಲ, ಚಕ್ಕುಲಿ ಕೊಡುವುದಿಲ್ಲ, ಹುರಿಗಡಲೆಯನ್ನೂ ಹುಡಿ ಮಾಡಿಯೇ ಕೊಡುವುದು. ಮುದ್ದೆಯನ್ನು ಸಾರಿನಲ್ಲಿ ಕಿವುಚಿ ಅಂಬಲಿ ಮಾಡಿ ಕುಡಿಸುತ್ತಾರೆ. ಆರು ವರ್ಷದ ಮಗು ಹಬ್ಬದ ದಿನ ಹೋಳಿಗೆಯ ಅಂಚು ಕಿತ್ತು ಹಾಕಿ ನಡುವಿನ ಹೂರಣ ಮಾತ್ರ ನೆಕ್ಕುತ್ತಿರುವುದನ್ನು ನೀವು ನಮ್ಮೂರಿನಲ್ಲಿ ಬಿಟ್ಟರೆ ಬೇರೆಲ್ಲೂ ನೋಡಲಾರಿರಿ. ಒಂದು ಹಲ್ಲು ಅಲ್ಲಾಡಲು ಶುರುವಾದರೆ ಮನೆಯಲ್ಲಿ ಕಾಯಿಲೆ ಬಂದ ಹಾಗೆ. ನುಣ್ಣನೆಯ ನಾರಿನಿಂದ ಪಕ್ಕದ ಹಲ್ಲಿಗೆ ಸೇರಿಸಿ ಕಟ್ಟುತ್ತಾರೆ. ಅದು ಎರಡು ದಿನಕ್ಕೆ ನೆಂದು ಬಿಚ್ಚಿಹೋಗುತ್ತದೆ, ಮತ್ತೆ ಕಟ್ಟುತ್ತಾರೆ.

ಇಷ್ಟೇ ಆಗಿದ್ದರೆ ನಾನು ಇಷ್ಟು ಉರಿದುಕೊಳ್ಳುತ್ತಿರಲಿಲ್ಲ. ಹಿಡಿದ ಅಳಿಲನ್ನು ಏನು ಮಾಡುವುದು ಅನ್ನುವುದಿದೆಯಲ್ಲ, ಅದು ನನ್ನ ಹೊಟ್ಟೆಗೆ ಬೆಂಕಿ ಇಡುವುದು. ಬೋನಿನಲ್ಲೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕಂಬಿ ಕಡಿದುಕೊಂಡು ಹೋಗುತ್ತದೆ. ದೂರ ಒಯ್ದು ಬಿಟ್ಟರೆ ನಮಗಿಂತ ಮೊದಲು ವಾಪಸು ಬಂದಿರುತ್ತದೆ. ಹಗ್ಗ ಹೊಸೆಯುವ ಅಂಗಳದ ಮೂಲೆಯಲ್ಲಿ ಒಂದು ಕಲ್ಲುತೊಟ್ಟಿ ಇದೆ. ಬೋನನ್ನು ಅದರೊಳಗೆ ಮುಳುಗಿಸಿ ಹಿಡಿಯುತ್ತಾರೆ. ಆದರೆ ಯಾರೂ ನೋಡದಿದ್ದರೆ ಬೂದಳಿಲು ನೀರಿನಲ್ಲೂ ಸಾಯುವುದಿಲ್ಲ. ಒಂದಿಡೀ ದಿನ ಮುಳುಗಿಸಿಟ್ಟರೂ ಎತ್ತಿದಾಗ ಮೈ ಕೊಡವಿಕೊಂಡು ಕೆರೆಯುತ್ತದೆ. ಅದನ್ನು ಕಾಣಬಲ್ಲ ಎರಡು ಕಣ್ಣು ಅದರ ಮೇಲೇ ನೆಟ್ಟಿರಬೇಕು. ಹಾಗಾಗಿ ಅದನ್ನು ಬೋನಿಗೆ ಕೆಡವಿದ ಮಗುವನ್ನೇ ತೊಟ್ಟಿಯ ಅಂಚಿನಲ್ಲಿ ಕೂರಿಸಿ, ‘ನೋಡವ್ವ, ಕಣ್ಣು ತೆಗೀಬೇಡ’ ಅನ್ನುತ್ತಾರೆ. ಮಗು ಮುಖ ತಿರುಗಿಸಿದರೆ ಒದ್ದಾಟ ಮತ್ತೆ ಮೊದಲಿನಿಂದ ಶುರು. ಅದು ಸತ್ತಮೇಲೆ ಮಗುವೇ ‘ಆಯ್ತು’ ಅನ್ನಬೇಕು. ಬೋನು ಹಿಡಿದ ದೊಡ್ಡವನು ಆ ಹೊತ್ತಿಗೆ ಆಕಾಶ ನೋಡುತ್ತಲೋ ಪಕ್ಕದವನ ಹತ್ತಿರ ನಾರಿನ ಮಾತಾಡುತ್ತಲೋ ಇರುತ್ತಾನೆ. ಅವನಿಗೇನು, ಅವನಿಗೆ ಕಾಣುವುದಿಲ್ಲವಲ್ಲ. ಕೈ ಒರೆಸಿಕೊಂಡು ಮನೆಗೆ ಹೋಗಿ ಊಟ ಮಾಡುತ್ತಾನೆ. ಆ ಮಗು ಆ ದಿನ ಅಂಬಲಿಯನ್ನೂ ಕುಡಿಯುವುದಿಲ್ಲ.

ದೇವೀರಿಯಂಥ ಕೈ ನಾನು ಕಲಿಸಿದವರಲ್ಲಿ ಇನ್ನೊಂದಿಲ್ಲ. ಅವಳು ಕಡ್ಡಿ ನಿಲ್ಲಿಸಿದರೆ ನನ್ನಷ್ಟು ವರ್ಷದವಳಿಗೂ ಹೊಟ್ಟೆಕಿಚ್ಚಾಗುತ್ತಿತ್ತು. ಮಾತು ಕಡಿಮೆ, ಕಣ್ಣು ಚುರುಕು. ಉಳಿದ ಮಕ್ಕಳು ವಾರಕ್ಕೊಂದು ಹಿಡಿದರೆ ಇವಳು ದಿನಕ್ಕೊಂದು ಹಿಡಿಯುತ್ತಿದ್ದಳು. ಅಂದರೆ ದಿನಕ್ಕೊಂದು ಸಾವನ್ನೂ ನೋಡುತ್ತಿದ್ದಳು ಅಂತ ಲೆಕ್ಕ ಹಾಕಿದವರು ಊರಿನಲ್ಲಿ ಯಾರೂ ಇರಲಿಲ್ಲ. ಅಪ್ಪನ ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಅಂತ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದರು. ಆರು ವರ್ಷದ ಹುಡುಗಿಗೆ ಎಂಥ ಸೇಡು? ಅವಳ ಅವ್ವನಿಗೂ ಹಾಗೇ ಹೇಳಿಹೇಳಿ ತಲೆ ತುಂಬಿದ್ದರು. ಶಿವನಂಜಿ ಒಳ್ಳೆಯ ಹೆಂಗಸು, ಆದರೆ ಗಂಡ ಹೋದ ಮೇಲೆ ಯಾರು ಏನು ಹೇಳಿದರೂ ಹೂಂ ಅನ್ನುವುದು ಅಭ್ಯಾಸವಾಗಿತ್ತು. ಇಡೀ ದಿನ ಹೊಸೆದೂ ಹೊಸೆದೂ ಅವಳ ಅಂಗೈ ಮರಗಟ್ಟಿತ್ತು.

ಈ ಸಲ ಗೂಡು ಕಟ್ಟುವ ಕಾಲಕ್ಕೆ ಸರಿಯಾಗಿ ಹೊಸ ದೊಡ್ಡಹಗ್ಗ ಅಂಗಳದಲ್ಲಿ ಅರ್ಧ ಹೊಸೆದು ಬಿದ್ದಿತ್ತು. ಅದೇ ಹೊತ್ತಿಗೆ ದೇವೀರಿಯ ಕೆಳಗಿನ ಮುಂದಿನ ಹಲ್ಲು ಅಲ್ಲಾಡಲು ಶುರುವಾಯಿತು. ಕಾಡಿನಲ್ಲಿ ಅವಳು ಗುಂಪಿನಿಂದ ಹಿಂದೆ ಉಳಿದು ಏನನ್ನೋ ಕಚ್ಚುತ್ತಿರುವುದನ್ನು ಕಂಡು ಹತ್ತಿರ ಹೋದೆ. ಹುಣಸೆಬೀಜ. ಬಾಯಲ್ಲಿಟ್ಟುಕೊಂಡು ಆ ಹಲ್ಲಿಗೇ ಒತ್ತಿ ಒತ್ತಿ ಕಚ್ಚುತ್ತಿದ್ದಳು. ಒಸಡಿನಲ್ಲಿ ರಕ್ತ ಬಂದಿತ್ತು. ನನ್ನನ್ನು ನೋಡಿ ಹೆದರಿ ಬೀಜವನ್ನು ನುಂಗಿಯೇಬಿಟ್ಟಳು. ಬೈಯಲ್ಲ ಕಣೇ ಅಂತ ಪಕ್ಕದಲ್ಲಿ ಕೂತೆ. ತುಟಿಯ ರಕ್ತ ಒರೆಸಿಕೊಂಡು ಕೇಳಿದಳು:

“ಬೋನಕ್ಕ, ಹಲ್ಲು ಬಿದ್ಮೇಲೆ ನೀರೊಳಗಿರೋದೂ ಕಾಣಕಿಲ್ವಾ?”

ಕಾಣಕಿಲ್ಲ ಅಂದೆ.

“ಈಗ ಕಣ್ಣು ಮುಚ್ಕಂಡ್ರೂ ಕಾಣ್ತದೆ. ಅದು ಕೈ ಹಿಂಗೆ ಮಾಡ್ತದೆ,” ಅಂತ ಎರಡೂ ಕೈಯನ್ನು ಕಂಬಿ ಹಿಡಿದ ಹಾಗೆ ಮಾಡಿ ತೋರಿಸಿದಳು. “ಹಲ್ಲು ಬಿದ್ರೆ ಅದೂ ಹೋಯ್ತದಾ?”

ಮೈಯೆಲ್ಲ ಉರಿಯಿತು. ಯಾರ ಮೇಲೆ ಅಂತ ಆ ಕ್ಷಣಕ್ಕೆ ಹೊಳೆಯಲಿಲ್ಲ, ಆದರೆ ಉರಿ ಮಾತ್ರ ಆರಲಿಲ್ಲ.

ಯಾರ ಮೇಲೆ ಅಂತ ಗೊತ್ತಾದದ್ದು ಅದೇ ವಾರ. ಹಗ್ಗದ ಸಂಘದ ಯಜಮಾನ ಮರಿಗುದ್ದಯ್ಯನವರ ಮೊಮ್ಮಗಳು ಗೌರಾಂಬೆಗೆ ನಾಲ್ಕು ತುಂಬಿತ್ತು. ಕಾಡಿಗೆ ಕರೆದುಕೊಂಡು ಹೋಗಲು ಅವರ ಮನೆಗೆ ಹೋದೆ. ಸೊಸೆ ಬಾಗಿಲಲ್ಲೇ ನಿಂತು, ಮಗು ನೆನ್ನೆ ಮೆಟ್ಟಿಲಿನ ಮೇಲೆ ಜಾರಿ ಬಿದ್ದು ಹಲ್ಲು ಹೋಯಿತು ಬೋನಕ್ಕ, ನಮ್ಮ ಹಣೆಬರಹ ನೋಡು, ಊರಿಗೆ ಒಂದು ಉಪಕಾರ ಆಗುವುದೂ ತಪ್ಪಿತು ಅಂತ ಸೆರಗು ಕಣ್ಣಿಗೆ ಒತ್ತಿಕೊಂಡಳು. ನೀರು ತರುತ್ತೇನೆ ಅಂತ ಒಳಗೆ ಹೋದಳು. ಮಗು ನನ್ನ ಹತ್ತಿರ ಬಂದು ಬಾಯಿ ತೆರೆದು ತೋರಿಸಿತು. ತುಟಿಯ ಮೇಲೆ ಒಂದು ಗೀರಿಲ್ಲ, ಮೊಣಕಾಲು ತರಚಿಲ್ಲ. ನಡುವಿನ ಒಂದು ಹಲ್ಲು ಮಾತ್ರ ನೀಟಾಗಿ ಇಲ್ಲ. ನೋವಾಯಿತಾ ಅಂದೆ. ಔಷಧ ಕೊಡುವ ಪಂಡಿತ ತಾತ ಇಕ್ಕಳದಲ್ಲಿ ಕಿತ್ತಿದ್ದು, ಅಳಲಿಲ್ಲ ಅಂತ ಕೊಬ್ಬರಿಮಿಠಾಯಿ ಕೊಟ್ಟರು, ಯಾರಾದರೂ ಕೇಳಿದರೆ ಬಿದ್ದೆ ಅನ್ನಬೇಕಂತೆ ಅಂತ ಅದು ಸಂತೋಷವಾಗಿ ಹೇಳಿತು.

ನೀರು ಕುಡಿಯದೆ ಎದ್ದು ಬಂದೆ. ದಾರಿಯುದ್ದಕ್ಕೂ ಆ ಮನೆಯ ಮಕ್ಕಳನ್ನೆಲ್ಲ ನೆನೆಸಿಕೊಂಡೆ. ಗೌರಾಂಬೆಯ ಅಪ್ಪ ಉಯ್ಯಾಲೆಯಿಂದ ಬಿದ್ದು ಹಲ್ಲು ಕಳೆದುಕೊಂಡಿದ್ದ, ಅವಳ ಸೋದರತ್ತೆ ಬಾಗಿಲಿಗೆ ಬಡಿದುಕೊಂಡು, ಚಿಕ್ಕಪ್ಪ ಗೊತ್ತಿಲ್ಲದೆ ಅಡಿಕೆ ಅಗಿದು. ಎಲ್ಲರೂ ನಾಲ್ಕು ತುಂಬುವ ಹೊತ್ತಿಗೆ ಸರಿಯಾಗಿ. ಆ ಮನೆಯ ಮೆಟ್ಟಿಲು, ಬಾಗಿಲು, ಉಯ್ಯಾಲೆಗೆಲ್ಲ ಹಾಲುಹಲ್ಲಿನ ಮೇಲೆ ಅದೆಂಥ ಹಗೆಯೋ. ಮಕ್ಕಳಿಗೆ ಅಂಬಲಿ ಕುಡಿಸಿ ಹಲ್ಲು ಉಳಿಸಿರಿ ಅಂತ ಊರಿಗೆಲ್ಲ ಉಪದೇಶ ಮಾಡುವವರು, ತಮ್ಮ ಮಕ್ಕಳಿಗೆ ಇಕ್ಕಳ ಹಾಕಿಸಿ ಮಿಠಾಯಿ ಕೊಡುತ್ತಿದ್ದರು. ನೋಡಬಾರದ್ದು ಏನೋ ಅಲ್ಲಿದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ನಮ್ಮ ಮಕ್ಕಳನ್ನು ತೊಟ್ಟಿಯ ಅಂಚಿನಲ್ಲಿ ಕೂರಿಸುತ್ತಿದ್ದರು. ಮನೆಗೆ ಬಂದವಳು ಒಲೆಯನ್ನೂ ಹಚ್ಚಲಿಲ್ಲ, ಅಷ್ಟು ಸಿಟ್ಟು.

ಮಾರನೆಯ ದಿನ ಬೆಳಿಗ್ಗೆ ಯಜಮಾನರೇ ಹೇಳಿಕಳಿಸಿದರು, ಅಂಗಳಕ್ಕೆ ಬಾ ಅಂತ. ಹೋದರೆ ಹೊಸೆಯುವ ಹೆಂಗಸರು ಗಂಡಸರು ಕೆಲಸ ನಿಲ್ಲಿಸಿ ಸುತ್ತ ನಿಂತಿದ್ದರು. ನನ್ನ ಪಾಠದ ಮಕ್ಕಳೆಲ್ಲ ಅವರವರ ಅವ್ವಂದಿರ ಪಕ್ಕದಲ್ಲಿದ್ದವು. ಗೌರಾಂಬೆ ತಾತನ ಬೆರಳು ಹಿಡಿದುಕೊಂಡಿದ್ದಳು. ತೊಟ್ಟಿಯ ಪಕ್ಕದಲ್ಲಿ ಆ ಬೆಳಿಗ್ಗೆ ದೇವೀರಿ ಹಿಡಿದ ಬೋನು ಇತ್ತು, ಒಳಗೆ ಕೆರೆಯುವ ಸದ್ದು ಕೇಳುತ್ತಿತ್ತು. ದೇವೀರಿಯನ್ನು ಒಂದು ಕಲ್ಲಿನ ಮೇಲೆ ಕೂರಿಸಿದ್ದರು. ಅವಳ ಬೆನ್ನ ಹಿಂದೆ ಶಿವನಂಜಿ ನಿಂತಿದ್ದಳು. ಯಜಮಾನರು ಅಂಗೈಯಲ್ಲಿದ್ದ ತೆಳ್ಳನೆಯ ತಾಮ್ರದ ತಂತಿಯನ್ನು ನನ್ನ ಕೈಗೆ ಕೊಟ್ಟರು. ನಾರು ನೆಂದು ಬಿಚ್ಚಿಕೊಳ್ಳುತ್ತದೆ, ತಂತಿಯಾದರೆ ನಿಲ್ಲುತ್ತದೆ, ಅಕ್ಕಪಕ್ಕದ ಹಲ್ಲಿಗೆ ಸೇರಿಸಿ ಒಸಡಿನ ಕೆಳಗಿಂದ ಬಿಗಿದರೆ ದೊಡ್ಡಹಗ್ಗ ಮುಗಿಯುವವರೆಗೂ ಅಲ್ಲ, ಇನ್ನೊಂದು ವರ್ಷವೂ ಹಲ್ಲು ಬೀಳುವುದಿಲ್ಲ ಅಂದರು. ಹುಡುಗಿಯ ಅವ್ವನೂ ಒಪ್ಪಿದ್ದಾಳೆ ಅಂದರು. ಅವಳ ಗಂಡನ ಜೀವ ಹೋದದ್ದು ಈ ಹಗ್ಗದಲ್ಲೇ ಅಲ್ಲವೇ, ಇನ್ನೊಬ್ಬರಿಗೆ ಹಾಗಾಗಬಾರದು ಅನ್ನುವ ದೊಡ್ಡ ಮನಸ್ಸು ಅಂತ ಹೊಗಳಿದರು. ಶಿವನಂಜಿ ನೆಲ ನೋಡುತ್ತಿದ್ದಳು.

“ನಿನ್ ಕೈ ಹಗುರ ಹೊನ್ನಾಜಿ. ನೀನೇ ಕಟ್ಬುಡು,” ಅಂದರು.

ದೇವೀರಿ ನನ್ನ ಮುಖ ನೋಡಿದಳು. ಅಳಲಿಲ್ಲ, ಬೇಡ ಅನ್ನಲಿಲ್ಲ. ಬೋನಿಗೆ ಬಿದ್ದದ್ದು ಹೀಗೇ ಕೂತು ನೋಡುತ್ತದೆ ಅಂತ ಮಕ್ಕಳು ಎಷ್ಟೋ ಸಲ ನನಗೆ ಹೇಳಿವೆ. ನಾನು ತಂತಿಯನ್ನು ಮುದುರಿ ತೊಟ್ಟಿಗೆ ಎಸೆದೆ.

“ಕಟ್ಟಾಕಿಲ್ಲ ಯಜಮಾನ್ರೆ. ಮೊದ್ಲು ನಿಮ್ ಮೊಮ್ಮಗಳ ಬಾಯಿ ತೆಗ್ಸಿ, ಎಲ್ರೂ ನೋಡ್ಲಿ.”

ಸುತ್ತ ನಿಂತವರಿಗೆ ಅರ್ಥವಾಗಲಿಲ್ಲ. ನಾನೇ ಹೇಳಿದೆ, ಒಂದೂ ಬಿಡದೆ. ಇಕ್ಕಳದ ವಿಷಯ, ಮಿಠಾಯಿಯ ವಿಷಯ, ಉಯ್ಯಾಲೆ, ಬಾಗಿಲು, ಅಡಿಕೆ. ಯಜಮಾನರು ನಡುವೆ ಬಾಯಿ ಹಾಕಿ, ಮಗು ಮೆಟ್ಟಿಲ ಮೇಲೆ ಬಿದ್ದದ್ದಕ್ಕೂ ಕಥೆ ಕಟ್ಟುತ್ತೀಯಾ, ನಾಲಿಗೆ ಬಿಗಿಹಿಡಿ ಅಂತ ಗದರಿದರು. ಗೌರಾಂಬೆಗೆ ತನ್ನ ಧೈರ್ಯದ ಮಾತು ಯಾರೂ ಆಡುತ್ತಿಲ್ಲವಲ್ಲ ಅನ್ನಿಸಿತೇನೋ, ತಾತನ ಪಂಚೆ ಜಗ್ಗಿ, ನಾನು ಅಳಲೇ ಇಲ್ಲ ಅಲ್ವಾ ತಾತ, ಪಂಡಿತ ತಾತ ಎರಡು ಸಲ ಎಳೆದರೂ ಅಳಲಿಲ್ಲ ಅಂತ ಜೋರಾಗಿಯೇ ಕೇಳಿತು. ಪಾಪ, ಆ ಮಗುವಿನದೇನು ತಪ್ಪಿದೆ. ಯಜಮಾನರು ಮಗುವಿನ ಕೈ ಬಿಟ್ಟರು.

ನಾನು ಶಿವನಂಜಿಯ ಕಡೆ ತಿರುಗಿ, ನಿನ್ನ ಮಗಳು ಕಾಡಿನಲ್ಲಿ ಹುಣಸೆಬೀಜ ಕಚ್ಚುತ್ತಾಳೆ, ಯಾಕೆ ಅಂತ ಅವಳನ್ನೇ ಕೇಳು ಅಂದೆ. ಅವಳು ಕೇಳಲಿಲ್ಲ. ಮಗಳ ಎದುರು ಬಂದು ಕುಕ್ಕರಗಾಲಿನಲ್ಲಿ ಕೂತಳು. ದೇವೀರಿ ಎರಡೂ ಕೈ ಎತ್ತಿ ಕಂಬಿ ಹಿಡಿದ ಹಾಗೆ ಮಾಡಿ ತೋರಿಸಿದಳು, ಆವತ್ತು ನನಗೆ ತೋರಿಸಿದ ಹಾಗೇ. ಹೋದ ವರ್ಷದಿಂದ ಹೂಂ ಅನ್ನುವುದನ್ನು ಬಿಟ್ಟು ಬೇರೆ ಮಾತೇ ಮರೆತಿದ್ದ ಹೆಂಗಸು ಆ ಕೈಗಳನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು. ಆಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಬಾಯಿ ತೆಗಿ ಮಗ ಅಂದಳು. ತೆಗೆದಳು. ಹಗ್ಗ ಹೊಸೆದ ಬೆರಳು, ಒಂದು ಸಲ ತಿರುಗಿಸಿದ್ದಷ್ಟೇ. ಹಲ್ಲು ಶಿವನಂಜಿಯ ಅಂಗೈಗೆ ಬಂತು. ದೇವೀರಿ ರಕ್ತ ಉಗಿದು, ಬೋನಿನ ಕಡೆ ತಿರುಗಿ ಕಣ್ಣು ಕಿರಿದು ಮಾಡಿ ನೋಡಿದಳು. ಬಗ್ಗಿ ಇನ್ನೊಂದು ಕಡೆಯಿಂದ ನೋಡಿದಳು. ಏನೂ ಇಲ್ಲ ಕಣವ್ವ ಅಂದಳು. ಆಮೇಲೆ ಅವ್ವನ ಹೆಗಲ ಮೇಲೆ ತಲೆಯಿಟ್ಟು ಅತ್ತಳು, ಅಷ್ಟು ದಿನದ್ದೂ ಸೇರಿಸಿ.

ಯಜಮಾನರ ಮುಖ ಕೆಂಪೇರಿತು. ತಪ್ಪಾಯಿತು ಅಂತ ಒಂದು ಮಾತು ಬಂದಿದ್ದರೆ ನನ್ನ ಸಿಟ್ಟು ಅಲ್ಲೇ ಅರ್ಧ ಇಳಿಯುತ್ತಿತ್ತು. ಅದು ಬರಲಿಲ್ಲ. ಊರನ್ನೇ ಕಮರಿಗೆ ತಳ್ಳುತ್ತಿದ್ದೀರಿ, ನಾಳೆ ಬುಟ್ಟಿ ಬಿದ್ದರೆ ಯಾರು ಹೊಣೆ, ಈ ಹಗ್ಗವನ್ನು ಇನ್ನು ಯಾರು ಕಾಯುತ್ತಾರೆ ಅಂತ ಕೂಗಾಡಿದರು.

“ಕಡಿಯೋ ಸದ್ದು ನಮಗೂ ಕೇಳ್ತದಲ್ಲ ಬುದ್ಧಿ,” ಅಂದಳು ಶಿವನಂಜಿ, ಮಗಳನ್ನು ಎತ್ತಿಕೊಂಡು ನಿಂತು. “ಹಗ್ಗದುದ್ದಕ್ಕೂ ದೊಡ್ಡವರು ಸಾಲಾಗಿ ಕುಂತ್ಕಂಡು ಕಿವಿ ಕೊಟ್ಟು ಕೇಳಾನ. ನನ್ ಗಂಡ ಹೋಗೋ ಮುಂಚೆ ಯಾರಾದ್ರೂ ಒಬ್ರು ಕುಂತು ಕೇಳಿದ್ರಾ?”

ಯಜಮಾನರು ಇದನ್ನಾದರೂ ಮುಗಿಸೋಣ ಅಂತ ಬೋನನ್ನು ತಾವೇ ಎತ್ತಿಕೊಂಡು, ಪಂಚೆ ಮೇಲೆ ಕಟ್ಟಿ ತೊಟ್ಟಿಯ ಅಂಚಿನಲ್ಲಿ ಕೂತು ನೀರಿಗೆ ಮುಳುಗಿಸಿದರು. ಆಮೇಲೆ ಮಕ್ಕಳ ಕಡೆ ತಿರುಗಿ, ಬನ್ನಿ, ಯಾರಾದರೊಬ್ಬರು ಬಂದು ನೋಡಿ ಅಂದರು. ಅಭ್ಯಾಸಬಲದಿಂದ ಒಂದಿಬ್ಬರು ಹೆಜ್ಜೆ ಮುಂದಿಟ್ಟರು. ಶಿವನಂಜಿಯ ಪಕ್ಕದಲ್ಲಿದ್ದ ಹೆಂಗಸು ತನ್ನ ಮಗನನ್ನು ಹಿಂದಕ್ಕೆಳೆದು ಅಂಗೈಯಿಂದ ಅವನ ಕಣ್ಣು ಮುಚ್ಚಿದಳು. ಅವಳನ್ನು ನೋಡಿ ಅವಳ ಪಕ್ಕದವಳು. ಆಮೇಲೆ ಇನ್ನೊಬ್ಬಳು. ಹೊಸೆದು ಹೊಸೆದು ಸಿಪ್ಪೆ ಎದ್ದ ಅಂಗೈಗಳು ಒಂದೊಂದಾಗಿ ಅಂಗಳದ ಮಕ್ಕಳ ಕಣ್ಣುಗಳನ್ನೆಲ್ಲ ಮುಚ್ಚಿದವು.

ಯಜಮಾನರ ತೋಳು ನೀರಿನಲ್ಲಿ ಮೊಣಕೈವರೆಗೂ ಇತ್ತು. ಬೋನು ಅವರ ಕೈಯಲ್ಲಿ ಅದುರುತ್ತಿತ್ತು, ತೊಟ್ಟಿಯ ನೀರು ಅಂಚಿನಿಂದ ತುಳುಕಿ ಅವರ ಕಾಲ ಮೇಲೆ ಸುರಿಯುತ್ತಿತ್ತು. ಆ ಅದುರು ಅವರ ಹೆಗಲವರೆಗೂ ಹತ್ತಿದ್ದು ನಮಗೆಲ್ಲ ಕಾಣುತ್ತಿತ್ತು. ಆಕಾಶ ನೋಡಲು ಹೋದರು, ಆಗಲಿಲ್ಲ. ಮೈಯಲ್ಲಿ ಬೆವರು ಕಿತ್ತುಬಂದು, ಕಾಣದ ನೀರಿಗೇ ಕಣ್ಣು ನೆಟ್ಟು ಕೂತರು. ಎಷ್ಟು ಹೊತ್ತಾದರೂ ಅದು ನಿಲ್ಲಲಿಲ್ಲ. ಕೊನೆಗೆ ಕತ್ತೆತ್ತಿ ನನ್ನನ್ನು ನೋಡಿದರು.

“ಹೊನ್ನಾಜಿ, ಇದು ಆಯ್ತೋ ಇಲ್ವೋ, ಒಂಚೂರು ನೋಡವ್ವ,” ಅಂದರು.

“ನನಗೂ ಕಾಣಕಿಲ್ಲ ಯಜಮಾನ್ರೆ,” ಅಂದೆ. “ಹಿಡ್ಕಂಡಿರಿ.”